ಮಡಿ ಮನ್ಯಾಗ ಬಾಜೂ ಕಾಣದಾಕಿ

ಮೋತಿಬಿಂದು ಅಲ್ಲಪ್ಪಾ ಅದು, ಮೋತಿಬಿಂದು ಆಗಿದ್ರ ಇಷ್ಟೊತ್ತಿಗೆ ತೆಗೆಸಿ ಒಗದು ಕುಂಡ್ರತಿದ್ದೆ, ಇದನ್ನ ಎಷ್ಟು ಮಂದಿಗೆ ಎಷ್ಟು ಸಲ ಹೇಳಬೇಕು ನಾನು? ನಿನ್ನೆ ಚಿತ್ತಾಪುರದಿಂದ ಬಸ್ಸಿನ್ಯಾಗ ಬರಬೇಕಾದ್ರ ಬಾಜೂ ಸೀಟಿನ್ಯಾಗ ಒಬ್ಬಾಂವ ಕುಂತಿದ್ದ. ದೊಡ್ಡ ಮನಷ್ಯಾ ಇರಬೇಕು, ಅತ್ತರಿನ ವಾಸನಿ ಬರ್ತಿತ್ತು ಅಂತ ದೊಡ್ಡ ಮನಷ್ಯಾ ಅಂತೀನಿ, ಮಾರಿ ನಾ ನೋಡಿಲ್ಲ. ಅಂವ ಕೇಳ್ದ, 'ಏನ್ರೀ ಅಜ್ಜೀ, ಕೈಯಾಗ ಕುರುಡರ ಬಿಳಿ ಕೋಲು, ತೊಡಿ ಮ್ಯಾಲ ಪೇಪರ್ ಓದ್ಲಿಕತ್ತೀರಿ. ಇದೇನು ನಾಟಕ?' ನಾ ಅಂದೆ, 'ಕೋಲು ಕಾಲಿಗೆರಿ, ಪೇಪರ್ ಕಣ್ಣಿಗೆ.' ಅಂವ ನಕ್ಕ. ನಕ್ಕು ಹಿಂದಿನ ಸೀಟಿನವರಿಗೆಲ್ಲ ಕೇಳುವಂಗ, 'ನೋಡ್ರಿ, ಸೀಟ್ ಸಿಗಲಿ ಅಂತ ಮುದುಕ್ಯಾರು ಸುದ್ಧಾ ಏನೇನು ಕಲ್ತಾರ' ಅಂದ. ಹಿಂದಿನವರೂ ನಕ್ಕರು. ಎಪ್ಪತ್ತು ವರ್ಷ ದಾಟ್ಯದ ನನಗ, ಇನ್ನೂ ಈ ನಗಿ ಕೇಳಿದ್ರ ಮೈ ಉರೀತದ. ಮೊಮ್ಮಕ್ಕಳು ನೀವು, ನಿಮಗೂ ಒಳಗೊಳಗ ಸಂಶೇ ಇರಬಹುದು, ಅಜ್ಜಿ ಪೇಪರ್ ಓದ್ತಾಳ, ಸೂಜ್ಯಾಗ ದಾರ ಪೋಣಸ್ತಾಳ, ಮತ್ತ ಮಂಚಕ್ಕ ಯಾಕ ಡಿಕ್ಕಿ ಹೊಡೀತಾಳ ಅಂತ. ಅದಕ್ಕ ಹೇಳ್ತೀನಿ. ನಡಕ ಎದ್ದು ಹೋಗಬ್ಯಾಡ್ರಿ, ಎದ್ದು ಹೋದ್ರ ನನಗ ಗೊತ್ತಾಗಂಗಿಲ್ಲ, ನಾ ಖಾಲಿ ಜಾಗಾಕ್ಕ ಹೇಳಕೋತ ಕುಂಡ್ರತೀನಿ.

ಮೊದಲ ಕಣ್ಣಿಂದು ಹೇಳ್ತೀನಿ, ಅದು ತಿಳೀದಿದ್ರ ಮುಂದಿಂದು ತಿಳ್ಯಂಗಿಲ್ಲ. ಮಂದಿ ಏನ್ ತಿಳಕೊಂಡಾರಂದ್ರ, ಕಣ್ಣು ಅಂದ್ರ ದೀಪ ಇದ್ದಂಗ, ಒಂದು ಉರೀತದ, ಇಲ್ಲಾ ಆರ್ತದ. ಹಂಗಲ್ಲದು. ಮೋತಿಬಿಂದು ಅಂದ್ರ ಕಣ್ಣಿಗೆ ಪರದೆ ಬಂದಂಗ, ಎಲ್ಲಾ ಮಬ್ಬು. ಚಾಳೀಸು ಅಂದ್ರ ಹತ್ರದ್ದು ಕಾಣಂಗಿಲ್ಲ, ಅದಕ್ಕ ಚಷ್ಮಾ ಹಾಕ್ತಾರ. ನನ್ನದು ಇವೆರಡೂ ಅಲ್ಲ. ಊದುಗೊಳವಿ ನೋಡೀರೇನು ನೀವು? ಎಲ್ಲಿ ನೋಡಿರ್ತೀರಿ, ನಿಮ್ಮ ಮನ್ಯಾಗ ಗ್ಯಾಸ್ ಅದ. ಒಲಿ ಊದೋ ಕಬ್ಬಿಣದ ಕೊಳವಿ ಅದು, ಗೇಣುದ್ದ, ಅಲ್ಲ, ಗೇಣಲ್ಲ, ಮೊಳದುದ್ದ ಇರ್ತದ. ಅದಕ್ಕ ಕಣ್ಣು ಹಚ್ಚಿ ನೋಡಿದ್ರ ಏನ್ ಕಾಣಸ್ತದ? ಎದುರಿಗೆ ರೂಪಾಯಿ ನಾಣ್ಯದಷ್ಟು ಜಾಗಾ ಸಾಫ್ ಕಾಣಸ್ತದ, ಅಕ್ಷರ ಕಾಣಸ್ತದ, ಇರಿವಿ ಕಾಲು ಕಾಣಸ್ತದ. ಬಾಜೂಕ ಎಮ್ಮಿ ನಿಂತಿದ್ರೂ ಕಾಣಂಗಿಲ್ಲ. ಅದ ನನ್ನ ಕಣ್ಣು. ಸಂಜಿ ಆತಂದ್ರ ಆ ಕೊಳವಿಯೊಳಗ ಹೊಗಿ ತುಂಬಿದಂಗ, ಅದೂ ಇಲ್ಲ. ಇನ್ನೊಂದು ಕೇಳ್ತಾರ ಶಾಣ್ಯಾರು, 'ಸುತ್ತಲೂ ಕರ್ರಗ ಕಾಣಸ್ತದೇನ್ರಿ?' ಕರ್ರಗ ಕಾಣಂಗಿಲ್ಲಪ್ಪಾ. ನಿಮ್ಮ ಬೆನ್ನ ಹಿಂದ ಈಗ ಏನದ ಹೇಳ್ರಿ? ಕರ್ರಗದ ಏನು? ಇಲ್ಲ. ಅಲ್ಲಿ ಏನೂ ಇಲ್ಲ, ಅಷ್ಟ. ನಿಮಗ ಬೆನ್ನ ಹಿಂದ ಹೆಂಗ ಏನೂ ಇಲ್ಲೋ, ನನಗ ಕಿವಿಯ ಹತ್ರನೇ ಹಂಗ ಏನೂ ಇಲ್ಲ. ಇಲ್ಲದ್ದು ಇಲ್ಲ ಅಂತ ಗೊತ್ತಾಗಬೇಕಂದ್ರ ಮೊದಲ ಅದು ಇರ್ತದ ಅಂತ ಗೊತ್ತಿರಬೇಕಲ್ಲ? ನನಗ ಗೊತ್ತಿದ್ದಿಲ್ಲ. ಇಪ್ಪತ್ತೆರಡು ವರ್ಷದತನಕ ನನಗ ಗೊತ್ತಿದ್ದಿಲ್ಲ. ಎಲ್ಲಾರೂ ಹಿಂಗ ನೋಡ್ತಾರ ಅಂತಿದ್ದೆ. ಈ ಮಾತು ನೆನಪಿಟ್ಕೋರಿ, ಯಾಕಂದ್ರ ಆಗಿದ್ದೆಲ್ಲಾ ಇದರಿಂದನೇ ಆತು.

ನನ್ನ ತವರಮನಿ ಚಿತ್ತಾಪುರ, ಅದು ನಿಮಗ ಗೊತ್ತದ. ನಮ್ಮಪ್ಪ ಅಲ್ಲಿ ಗುಡಿ ಪೂಜಿ ಮಾಡ್ತಿದ್ದ. ನಾ ಸಣ್ಣಾಕಿದ್ದಾಗ ಸಂಜಿಮುಂದ ದಿನಾ ಬೀಳ್ತಿದ್ದೆ, ಕರುವಿನ ಮ್ಯಾಲ ಬೀಳೋದು, ಹೊಸ್ತಲ ಎಡವೋದು, ತಂಬಿಗಿ ಒದೆಯೋದು. ನಮ್ಮವ್ವ, 'ಇಂದೂ, ಕಣ್ಣು ಎಲ್ಲಿಟ್ಟು ನಡೀತಿ? ಮುಗಿಲ ಮ್ಯಾಲ ನಡೀಬ್ಯಾಡ' ಅಂತ ಬೈತಿದ್ಳು. ಒಂದು ವರ್ಷ ನುಗ್ಗಿ ಸೊಪ್ಪು ತಿನ್ನಿಸಿದ್ಳು ಪಾಪ, ಕಣ್ಣಿಗೆ ಛಲೋ ಅಂತ ಯಾರೋ ಹೇಳಿದ್ರಂತ. ಏನೂ ಆಗಲಿಲ್ಲ, ನುಗ್ಗಿ ಗಿಡ ಬೋಳಾತು, ಅಷ್ಟ. ಓದೋದ್ರಾಗ, ಹೂಬತ್ತಿ ಹೊಸೆಯೋದ್ರಾಗ ನಾ ಭಾಳ ಹುಷಾರಿದ್ದೆ. ಅದಕ್ಕ ಕಣ್ಣಿಂದು ದೋಷ ಅಂತ ಯಾರಿಗೂ ಹೊಳೀಲಿಲ್ಲ, ಸ್ವಭಾವದ್ದು ದೋಷ ಅಂತ ಎಲ್ಲಾರೂ ತಿಳಕೊಂಡ್ರು. ನಾನೂ ಹಂಗ ತಿಳಕೊಂಡೆ.

ಆಮ್ಯಾಲ ನೋಡ್ಲಿಕ್ಕೆ ಬಂದ್ರು, ಅಂದ್ರ ವರನ ಕಡಿಯವರು ಸೇಡಂದಿಂದ ಬಂದ್ರು. ನಿಮ್ಮ ಅಜ್ಜ ಬಂದಿದ್ದಿಲ್ಲ, ಅವರಿಗೆ ಸಾಲಿ ಇತ್ತು, ಮಾಸ್ತರಿಕಿ. ಬಂದಾಕಿ ನಮ್ಮ ಅತ್ತಿ, ರುಕ್ಮಾಬಾಯಿ. ಬೇರೆ ಕಡಿ ಹುಡುಗಿಗೆ ಹಾಡು ಅಂತಾರ, ನಡಿ ಅಂತಾರ. ಇವರ ಮನ್ಯಾಗ ರೂಢಿ ಬೇರೆ. ತೊಗರಿ ಬೆಳೆಯೋ ನಾಡು ನೋಡ್ರಿ ಸೇಡಂ, ಅಲ್ಲಿ ಮನಿ ಹೆಣ್ಣುಮಗಳಂದ್ರ ಬ್ಯಾಳಿ ಹಸನ ಮಾಡ್ಲಿಕ್ಕೆ ಬರಬೇಕು. ಆಕಿ ಮನಿಯಿಂದನೇ ಬ್ಯಾಳಿ ಕಟಗೊಂಡು ಬಂದಿದ್ಳು, ಅದ್ರಾಗ ಬೇಕಂತನೇ ಸಣ್ಣ ಹರಳು ಕೂಡಿಸಿದ್ಳು, ಹರಳು ಅಂದ್ರ ಮರಳಿನಷ್ಟು ಸಣ್ಣ ಕಲ್ಲು, ಬ್ಯಾಳಿ ಬಣ್ಣದ್ದೇ. ಮರದಾಗ, ಅಂದ್ರ ಕಾಳು ಕೇರೋ ಮೊರದಾಗ, ಸುರುವಿ ನನ್ನ ಮುಂದಿಟ್ಟು, 'ಆರಸವಾ' ಅಂದ್ಳು. ನನಗ ಅದೇನು ಕಷ್ಟ? ಕಣ್ಣಿನ ಎದುರಿಗೆ ಇಟ್ಟದ್ದು. ಎಲೆ ಅಡಿಕಿ ಹಾಕ್ಕೊಳ್ಳೋದ್ರೊಳಗ ಒಂದೂ ಬಿಡದಂಗ ಆರಿಸಿ ಕೊಟ್ಟೆ. ಆಕಿ ಮರ ತಿರುಗಿಸಿ ತಿರುಗಿಸಿ ನೋಡಿ, 'ಇಂಥಾ ಕಣ್ಣು ಬೇಕಿತ್ತು ನಮ್ಮ ಮನಿಗೆ' ಅಂದ್ಳು. ನಮ್ಮಪ್ಪನ ಎದಿ ಉಬ್ಬಿತ್ತು. ಹರಳು ನೋಡಿ ಸೊಸಿ ಆರಿಸಿದಾಕಿ ಆಕಿನೇ, ನಾವ್ಯಾರೂ ಮೋಸ ಮಾಡಿಲ್ಲ, ಇದನ್ನ ಯಾಕ ಒತ್ತಿ ಹೇಳ್ತೀನಂದ್ರ ಮುಂದ ಆ ಮಾತು ಬರ್ತದ.

ಸೇಡಂ ಮನಿ ದೊಡ್ಡದೇನಲ್ಲ, ಆದ್ರ ಮಡಿ ದೊಡ್ಡದು. ಮಾವನೋರು ತೀರಕೊಂಡಿದ್ರು. ಅತ್ತಿ, ನಿಮ್ಮ ಅಜ್ಜ, ನಾನು, ಮೂರೇ ಮಂದಿ. ಮಡಿ ಅಂದ್ರ ನಿಮಗ ಅರ್ಧ ಗೊತ್ತದ, ಪೂರಾ ಹೇಳ್ತೀನಿ. ಬೆಳಿಗ್ಗೆ ತಣ್ಣೀರು ಸುರಕೊಂಡು, ಯಾರೂ ಮುಟ್ಟದಂಗ ಮ್ಯಾಲ ಬಿದಿರಿನ ಗಳಾಕ್ಕ ಒಣಗಹಾಕಿದ ಸೀರಿ ಕೋಲಿಲೇ ತೆಗೆದು ಉಟ್ಕೊಂಡು, ದೇವರ ಅಡಗಿ ಮಾಡೋದು. ನೈವೇದ್ಯ ಆಗೋತನಕ ಮಡಿಯಿಲ್ಲದವರು ಮುಟ್ಟಂಗಿಲ್ಲ. ಮುಟ್ಟಿದ್ರ ಹೋತು, ಮತ್ತ ಬಾವಿಗೆ ಹೋಗಿ ಮೈಮ್ಯಾಲ ನೀರು ಹಾಕ್ಕೊಂಡು ಬರಬೇಕು. ಅದ್ರಾಗ ನಮ್ಮ ಅತ್ತಿದು ಇನ್ನೊಂದು, ನೈವೇದ್ಯ ಆಗೋತನಕ ಮೌನ. ಒಂದು ಮಾತಿಲ್ಲ. ಬರಿಗಾಲು, ನೆಲ ಶಹಾಬಾದ ಕಲ್ಲಿನ ನುಣ್ಣನೆ ಫರಸಿ, ಕಾಲಾಗ ಗೆಜ್ಜಿಲ್ಲ, ಕೈಯಾಗ ಬಳಿಯಿಲ್ಲ. ಬೆಕ್ಕಾದ್ರೂ ಸಪ್ಪಳ ಮಾಡ್ತದ, ಆಕಿ ಮಾಡ್ತಿದ್ದಿಲ್ಲ. ಮಡಿಲೇ ಇದ್ದಾಕಿ ಬರಬೇಕಾದ್ರ ಉಳಿದವರೇ ಸರೀಬೇಕು, ಇದು ಕಾನೂನು. ಎದುರಿಗೆ ಬಂದ್ರ ನಾ ಸರೀತಿದ್ದೆ. ಬಾಜೂಲಿಂದ ಬಂದ್ರ? ಹೇಳ್ರಿ, ಬಾಜೂಲಿಂದ ಸಪ್ಪಳಿಲ್ಲದಂಗ ಬಂದ್ರ ನಾ ಹ್ಯಾಂಗ ಸರೀಲಿ?

ಮದಿವ್ಯಾಗಿ ಮೂರನೇ ದಿನಾನೇ ಮುಟ್ಟಿದೆ. ತಂಬಿಗಿ ತಗೊಂಡು ತಿರುಗಿದೆ, ಮೊಣಕೈ ಆಕಿಗೆ ಬಡೀತು. ಆಕಿ ಕಣ್ಣು ಅಗಲಿಸಿ ನನ್ನ ದಿಟ್ಟಿಸಿ ನೋಡಿದ್ಳು, ಮಾತಾಡಂಗಿಲ್ಲಲ್ಲ, ಬಾವಿಗೆ ಹೋದ್ಳು. ಹೊಸಾಕಿ ಅಂತ ಬಿಟ್ಳು. ನಾಕನೇ ದಿನ ಮತ್ತ. ವಾರದಾಗ ಒಂದು ಸಲ, ಎರಡು ಸಲ. ಚಳಿಗಾಲದಾಗ ಒಂದ ಮುಂಜಾನಿ ಮೂರು ಸಲ ಆತು, ಮೂರನೇ ಸಲ ಬಂದಾಗ ಆಕಿ ಹಲ್ಲು ಕಟಕಟ ಅನ್ನೋದು ಕೇಳ್ತು ನನಗ. ಸುಳ್ಳು ಯಾಕ ಹೇಳ್ಲಿ, ಆವತ್ತು ನನಗ ಆಕಿ ಮ್ಯಾಲ ಕನಿಕರ ಬಂತು. ಆದ್ರ ನೈವೇದ್ಯ ಆಗಿ ಮೌನ ಮುಗೀತಲ್ಲ, ಮುಂಜಾನಿಯಿಂದ ಕಟ್ಟಿಟ್ಟ ಬೈಗುಳೆಲ್ಲ ಒಮ್ಮೆಲೇ ಬರ್ತಿದ್ದವು. 'ಏನ ಇಂದಿರಾ, ಬ್ಯಾಳ್ಯಾಗಿನ ಹರಳು ಕಾಣಸ್ತದ, ನಾ ಕಾಣಂಗಿಲ್ಲೇನು? ನಾ ಹರಳಿಗಿಂತ ಸಣ್ಣಾಕಿ ಏನು?' ನಾ, 'ನೋಡಲಿಲ್ಲರಿ ಅತ್ತ್ಯಾರ' ಅಂದ್ರ, 'ನೋಡಲಿಲ್ಲ? ಸೂಜಿ ಕಣ್ಣು ನೋಡ್ತಿ, ಇಷ್ಟು ದೊಡ್ಡ ಮುದುಕಿನ್ನ ನೋಡಲಿಲ್ಲ? ನನ್ನ ಕೊಲ್ಲಬೇಕಂತಿದ್ದಿ ನೀನು, ತಣ್ಣೀರಾಗ ಮುಳುಗಿಸಿ ಮುಳುಗಿಸಿ ಕೊಲ್ಲಬೇಕಂತಿದ್ದಿ.' ನಿಮ್ಮ ಅಜ್ಜಗ ಹೇಳಿದ್ರ, ಅವರು ಒಂದು ಕಾಲು ಚಪ್ಪಲ್ಯಾಗ ಇಟಗೊಂಡೇ, 'ಇಬ್ಬರೂ ಜರಾ ಸಂಭಾಳಿಸ್ಕೊಂಡು ಹೋಗ್ರಿ' ಅಂತ ಸಾಲಿಗೆ ಹೋಗ್ತಿದ್ರು. ಮೂವತ್ತು ಹುಡುಗರನ್ನ ಸಂಭಾಳಿಸೋ ಮಾಸ್ತರು, ಮನ್ಯಾಗಿನ ಇಬ್ಬರು ಹೆಂಗಸರ ನಡುವ ನಿಲ್ಲಲಿಲ್ಲ. ಅವರ ಮ್ಯಾಲ ನನಗ ಆ ಸಿಟ್ಟು ಈಗೂ ಅದ, ಅವರು ಹೋಗಿ ಎಷ್ಟೋ ವರ್ಷಾದ್ರೂ ಅದ.

ಎಲ್ಲಕ್ಕಿಂತ ಕೆಟ್ಟದ್ದು ಯಾವುದು ಹೇಳ್ಲೇನು? ಆಕಿ ಬೈದದ್ದಲ್ಲ. ಆಕಿ ಹೇಳಿದ್ದು ಖರೆ ಇರಬೇಕು ಅಂತ ನನಗ ಅನಸ್ಲಿಕ್ಕೆ ಹತ್ತಿತು. ನನ್ನೊಳಗ ಏನೋ ಕೆಟ್ಟದ್ದದ, ನನಗ ಗೊತ್ತಿಲ್ಲದಂಗ ಅದೇ ಹೋಗಿ ಆಕಿನ್ನ ಮುಟ್ತದ ಅಂತ. ಏಕಾದಶಿ ನಿರ್ಜಲ ಮಾಡಿದೆ, ಅಂದ್ರ ನೀರು ಸುದ್ಧಾ ಕುಡೀದಂಗ ಉಪವಾಸ, ಆ ಕೆಟ್ಟದ್ದು ಹೋಗ್ಲಿ ಅಂತ. ದ್ವಾದಶಿ ಮುಂಜಾನಿ ಪಾರಣಿಗಿಂತ ಮೊದಲ ಮತ್ತ ಮುಟ್ಟಿದೆ.

ಆಮ್ಯಾಲ ನಿಮ್ಮವ್ವ ಹುಟ್ಟಿದ್ಳು, ಸುಧಾ. ಈಗ ಚಿಂಚೋಳ್ಯಾಗ ಸಾಲಿ ಕಲಿಸ್ತಾಳಲ್ಲ, ಆಕಿನೇ, ಬೇರೆ ಸುಧಾ ಯಾರಿದ್ದಾರ. ಆಕಿ ಅಂಬೆಗಾಲಿಡೋ ಹೊತ್ತಿಗೆ ಮಾವನೋರ ಶ್ರಾದ್ಧ ಬಂತು. ಶ್ರಾದ್ಧದ ಮಡಿ ಅಂದ್ರ ದಿನದ ಮಡಿಗಿಂತ ಹತ್ತು ಪಟ್ಟು. ಬ್ರಾಹ್ಮಣರು ಎಲಿ ಮುಂದ ಕುಂತಾರ, ಅತ್ತಿ ಪಾಯಸದ ಪಾತ್ರಿ ಹೊತ್ಕೊಂಡು ಅಡಗಿಮನಿಯಿಂದ ಬಂದಾಳ, ನಾ ಕೂಸು ಅಳ್ಲಿಕತ್ತದ ಅಂತ ಪಡಸಾಲಿಯಿಂದ ಓಡಿ ಬಂದೆ. ಬಡೀತು. ಪಾತ್ರಿ ಬಿತ್ತು, ಪಾಯಸ ಫರಸಿ ತುಂಬ ಹರೀತು, ಕುಂತವರು ಎದ್ದು ನಿಂತ್ರು. ಮತ್ತ ಸ್ನಾನ, ಮತ್ತ ಅಡಗಿ, ಶ್ರಾದ್ಧ ಹೊತ್ತು ಮೀರಿ ಆತು. ಆವತ್ತು ಆಕಿ ನನ್ನ ಬೈಲಿಲ್ಲ. ಬೈದಿದ್ರ ಛಲೋ ಇತ್ತು.

ಮರುದಿನ ಮಧ್ಯಾಹ್ನ ಓಣಿ ಹೆಂಗಸರನ್ನೆಲ್ಲ ಕರದು ಮುಂದಿನ ಕಟ್ಟಿ ಮ್ಯಾಲ ಕೂಡಿಸಿದ್ಳು. ನಡುವ ನನ್ನ ಕೂಡಿಸಿ, ಮರದಾಗ ಬ್ಯಾಳಿ ಸುರುವಿ, ಎಲ್ಲಾರ ಎದುರಿಗೇ ಹರಳು ಕೂಡಿಸಿ, ಕೈಲೇ ಕಲಸಿ ಮುಂದಿಟ್ಳು. 'ಎಲ್ಲಾರೂ ನೋಡ್ರಿ. ಈಕಿ ಹರಳು ಆರಿಸಿದ್ರ ಈಕಿಗೆ ಕಣ್ಣದ, ನನ್ನ ಬೇಕಂತನೇ ಮುಟ್ಯಾಳ, ಸತ್ತ ಮಾವನ ಎಲಿಗೆ ಮಣ್ಣು ಹಾಕ್ಯಾಳ. ಆರಿಸದಿದ್ರ ಈಕಿ ಕುರುಡಿ, ಈಕಿ ಅಪ್ಪ ನಮಗ ಮೋಸ ಮಾಡ್ಯಾನ. ಎರಡರಾಗ ಯಾವುದಾದ್ರೂ ಈಕಿ ಚಿತ್ತಾಪುರಕ್ಕ ಹೋಗ್ತಾಳ. ಕೂಸು ಇಲ್ಲೇ ಇರ್ತದ.' ತಿಳೀತೇನು ನಿಮಗ? ಆರಿಸಿದ್ರೂ ಹೋಗಬೇಕು, ಆರಿಸದಿದ್ರೂ ಹೋಗಬೇಕು. ಸುಧಾ ನನ್ನ ಕೈಯಿಂದ ಹೋಗ್ತಾಳ. ನನ್ನ ತಲ್ಯಾಗ ಒಂದು ವಿಚಾರ ಬಂತು, ಸುಮ್ಮ ಕೆಲವು ಹರಳು ಬಿಟ್ಟುಬಿಡ್ಲಿ, ಕುರುಡಿ ಅನ್ನಲಿ, ಕೆಟ್ಟಾಕಿ ಅನ್ನೋದಾದ್ರೂ ತಪ್ಪಲಿ ಅಂತ. ಬಿಡಬಹುದಿತ್ತು. ಆದ್ರ ಹರಳು ಕಣ್ಣಿಗೆ ಕಾಣ್ಲಿಕತ್ತಾವ, ಕೈ ಕೇಳಬೇಕಲ್ಲ? ಕಂಡದ್ದನ್ನ ಕಾಣಂಗಿಲ್ಲ ಅನ್ಲಿಕ್ಕೆ ನನ್ನ ಬೆರಳು ಒಪ್ಪಲಿಲ್ಲ. ಒಂದೂ ಬಿಡದಂಗ ಆರಿಸಿದೆ. ಹೆಂಗಸರು, 'ಅಯ್ಯಯ್ಯ, ಹದ್ದಿನ ಕಣ್ಣವ್ವಾ ಈಕಿವು' ಅಂದ್ರು. 'ಇಂಥಾ ಕಣ್ಣಿಟಗೊಂಡು ಮುದುಕಿ ಜೀವಾ ತಿಂದಾಳಲ್ಲ' ಅಂದ್ರು. ನಿನ್ನೆ ಮೊನ್ನೆ ನನ್ನ ಹತ್ರ ಹೂಬತ್ತಿ ಹೊಸಿಸ್ಕೊಂಡು ಹೋದಾಕಿನೇ ಅಂದ್ಳು ಅದನ್ನ.

ಆಗ ರಹಮತ್ ಬೀ ಬಂದ್ಳು. ರಹಮತ್ ಬೀ ಅಂದ್ರ ಎದುರುಮನಿ ಮುದುಕಿ, ಕೌದಿ ಹೊಲೀತಿದ್ಳು, ಹಳೀ ಸೀರಿ ಅರಿವಿ ತುಂಡು ಕೂಡಿಸಿ ಹೊಲಿಯೋ ಹೊದಿಕಿ, ಅದೇ ಕೌದಿ. ಆಕಿ ಕೌದಿ ಮ್ಯಾಲ ಕಣ್ಣಿದ್ರೂ ಓಣ್ಯಾಗ ಯಾರು ಬಂದ್ರು ಯಾರು ಹೋದ್ರು ಎಲ್ಲಾ ಗೊತ್ತಿರ್ತಿತ್ತು. ನಾ ಓಣ್ಯಾಗ ಕಂಬಕ್ಕ, ಸೈಕಲ್ಲಿಗೆ ಬಡಕೊಳ್ಳೋದನ್ನ ಆಕಿ ವರ್ಷಗಟ್ಟಲೆ ನೋಡಿದ್ಳು. ನನಗ ಆಕಿ ಬಂದದ್ದು ಗೊತ್ತಾಗಲಿಲ್ಲ. ಬಲಗಿವಿ ಹತ್ರ ದನಿ ಬಂತು, 'ಇಂದೂ ಬೇಟಿ, ನನ್ನ ಕೈಯಾಗ ಏನದ ಹೇಳು.' ನಾ ತಿರುಗ್ಲಿಕ್ಕೆ ಹೋದೆ. 'ತಿರುಗಬ್ಯಾಡ. ಬ್ಯಾಳಿ ನೋಡಕೋತನೇ ಹೇಳು.' 'ಎಲ್ಲಿದ್ದೀರಿ ನೀವು?' ಅಂದೆ. ಎಲ್ಲಾರೂ ನಕ್ಕರು. ಯಾಕ ನಗ್ತಾರಂತ ನನಗ ತಿಳೀಲಿಲ್ಲ. ರಹಮತ್ ಬೀ ನಗಲಿಲ್ಲ. ನನ್ನ ಬಾಜೂಕ ಕುಂತಿದ್ದ ನೆರಮನಿ ಸೊಸಿಗೆ, 'ಹಾಂ, ಈಗ ನೀ ಬ್ಯಾಳಿ ನೋಡು. ಮಾರಿ ಎತ್ತಬ್ಯಾಡ. ನನ್ನ ಕೈಯಾಗ ಏನದ?' ಅಂದ್ಳು. ಆ ಹುಡುಗಿ ಬ್ಯಾಳಿ ನೋಡಕೋತನೇ, 'ಕೆಂಪು ಅರಿವಿ ಅದ, ಅಲ್ಲಾಡಸ್ಲಿಕತ್ತೀರಿ' ಅಂದ್ಳು.

ಅಪ್ಪಾ, ಆ ಹೊತ್ತು. ಆ ಹೊತ್ತು ನನಗೇನಾತಂತ ಹೆಂಗ ಹೇಳ್ಲಿ. ನಾ ಆ ಹುಡುಗಿನ್ನ ಕೇಳಿದೆ, 'ಬ್ಯಾಳಿ ನೋಡಬೇಕಾದ್ರ ನಿನಗ ಅದು ಹೆಂಗ ಕಾಣ್ತು?' ಆಕಿ ಅಂದ್ಳು, 'ಕಾಣ್ತದಲ್ಲ ವೈನಿ, ಬಾಜೂಲಿಂದು.' ಬಾಜೂಲಿಂದು ಕಾಣ್ತದ. ಎಲ್ಲಾರಿಗೂ ಕಾಣ್ತದ. ಮಂದಿ ಎದುರಿಗೆ ನೋಡಕೋತನೇ ಬಾಜೂನೂ ನೋಡ್ತಾರ ಅನ್ನೋದು ಇಪ್ಪತ್ತೆರಡು ವರ್ಷಕ್ಕ ನನಗ ಕಟ್ಟಿ ಮ್ಯಾಲ ಗೊತ್ತಾತು. ನನಗ ದುಃಖ ಆಗಲಿಲ್ಲ, ಖರೇನ ಹೇಳ್ತೀನಿ, ಮೊದಲ ಸಿಟ್ಟು ಬಂತು. ಇಷ್ಟು ದಿನ ಇವರ ಹತ್ರ ಇದು ಇತ್ತು, ನನ್ನ ಹತ್ರ ಇದ್ದಿಲ್ಲ, ಮತ್ತ ಇವರು ನನ್ನ ಕೆಟ್ಟಾಕಿ ಅಂದ್ರಲ್ಲ. ರಹಮತ್ ಬೀ ಅಂದ್ಳು, 'ಬಾಯೋರ, ಈಕಿ ನಿಮ್ಮನ್ನ ಬೇಕಂತ ಮುಟ್ಟಿಲ್ಲ. ಈಕಿಗೆ ನೀವು ಇದ್ದಿದ್ದಿಲ್ಲ.' ನಮ್ಮ ಅತ್ತಿ ಈಗರ ತಪ್ಪಾತು ಅಂತಾಳ ಅಂತ ನಾ ಕಾದೆ. ಆಕಿ ಅಂದ್ಳು, 'ಹಂಗಾದ್ರ ಕುರುಡಿನೇ. ಕುರುಡಿನ್ನ ಕಟ್ಯಾರ ನಮಗ.'

ತವರಿಗೆ ಕಳಿಸೋಕಿಂತ ಮೊದಲ ಡಾಕ್ಟರಿಗೆ ತೋರಸೋಣು ಅಂತ ಆ ವಾರದಾಗ ನಿಮ್ಮ ಅಜ್ಜ ನನ್ನ ಕಲಬುರಗಿ ದೊಡ್ಡ ದವಾಖಾನಿಗೆ ಕರಕೊಂಡು ಹೋದ್ರು. ವಾಡಿತನಕ ಒಂದು ರೈಲು, ಅಲ್ಲಿಂದ ಇನ್ನೊಂದು. ಹೋಗಬೇಕಾದ್ರ ಅವರು ಮುಂದ, ನಾ ಹಿಂದ, ಯಾವತ್ತಿನಂಗ. ಕಣ್ಣಿನ ಡಾಕ್ಟರಬಾಯಿ ಕಣ್ಣಾಗ ಔಷಧ ಹಾಕಿ, ಲೈಟ್ ಹಿಡದು ನೋಡಿ, ಕಡೀಕ ಕುಂಡ್ರಿಸ್ಕೊಂಡು ತಿಳಿಸಿ ಹೇಳಿದ್ಳು. ಕಣ್ಣಿನ ಹಿಂದ ಒಂದು ಪರದೆ ಇರ್ತದ, ನೋಡೋದೆಲ್ಲ ಅದರ ಮ್ಯಾಲ ಬೀಳ್ತದ, ನಿನ್ನ ಪರದೆ ಅಂಚಿನಿಂದ ಒಣಗಕೋತ ಬರ್ಲಿಕತ್ತದ, ನಡುವಿಂದು ಕಡೀಗೆ ಹೋಗ್ತದ ಅಂತ. ಹುಟ್ಟಿನಿಂದ ಬಂದದ್ದು, ನುಗ್ಗಿ ಸೊಪ್ಪಿಗೆ ಹೋಗೋದಲ್ಲ, ಔಷಧನೂ ಇಲ್ಲ. ನಿಮ್ಮ ಅಜ್ಜ ಕೇಳಿದ್ರು, 'ಪೂರಾ ಕುರುಡು ಯಾವಾಗ ಆಗ್ತಾಳರಿ?' ಡಾಕ್ಟರಬಾಯಿ ಚಷ್ಮಾ ತೆಗೆದು ಅವರನ್ನ ನೋಡಿ, 'ಮಾಸ್ತರ, ಅದು ಹತ್ತು ವರ್ಷ ಆಗಬಹುದು, ಐವತ್ತು ಆಗಬಹುದು. ಅಲ್ಲೀತನಕ ಈಕಿ ಏನೇನು ಮಾಡಬಹುದು ಅಂತ ಯಾಕ ಕೇಳವಲ್ರಿ?' ಅಂದ್ಳು. ಅವರು ಕೇಳಲಿಲ್ಲ. ಬರಬೇಕಾದ್ರ ರೈಲಿನ್ಯಾಗ ನನ್ನ ರಟ್ಟಿ ಗಟ್ಟ್ಯಾಗಿ ಹಿಡಕೊಂಡು ಕುಂತ್ರು, ನೀರಿನ ಗಡಿಗಿ ಹಿಡಕೊಂಡಂಗ. ಹೋಗಬೇಕಾದ್ರ ನಾ ಮನಷ್ಯಾಳಿದ್ದೆ, ಬರಬೇಕಾದ್ರ ಗಡಿಗಿ ಆಗಿದ್ದೆ.

ಈಗ ನೋಡ್ರಿ ಮಜಾ. ಅದೇ ಕಣ್ಣು, ಹೋದ ವಾರದ್ದೇ ಕಣ್ಣು, ಒಂದು ಎಳಿಯಷ್ಟು ಹೆಚ್ಚಾಗಿಲ್ಲ ಕಮ್ಮಿ ಆಗಿಲ್ಲ. ಆದ್ರ ಹೆಸರು ಬಂತಲ್ಲ. ಕುರುಡಿ ಅಂದ್ರ ಒಂದ ಅರ್ಥ ಅಲ್ಲ, ಮಂದಿ ಅದ್ರಾಗ ಎಷ್ಟು ತುಂಬ್ತಾರಂದ್ರ, ಕುರುಡಿ ಅಂದ್ರ ಬುದ್ಧಿಯಿಲ್ಲದಾಕಿ, ಕುರುಡಿ ಅಂದ್ರ ಅಪಶಕುನ, ಕುರುಡಿ ಅಂದ್ರ ಕಿವಿನೂ ಕೇಳಂಗಿಲ್ಲ, ಆಕಿ ಮುಂದನೇ ಆಕಿದು ಏನು ಬೇಕಾದ್ರೂ ಮಾತಾಡಬಹುದು. ಅತ್ತಿ ನನ್ನ ಕೈಯಾಗಿನ ಈಳಿಗಿ ಕಸಗೊಂಡ್ಳು. ಒಲಿ ಹತ್ರ ಬರಬ್ಯಾಡ ಅಂದ್ಳು. ಒಂದಿನ ಬ್ಯಾಳಿ ಮರ ಎಳಕೊಂಡು ಕುಂತೆ, ಅದನ್ನೂ ಕಸಗೊಂಡು, 'ಕುರುಡಿ ಆರಿಸಿದ ಬ್ಯಾಳಿ ಯಾರು ಉಣ್ಣಬೇಕು, ಹಲ್ಲು ಮುರಕೊಳ್ಳಬೇಕೇನು?' ಅಂದ್ಳು. ಕೇಳಿದ್ರೇನು? ಎಲ್ಲಾರೂ ಹದ್ದಿನ ಕಣ್ಣು ಅಂದಿದ್ರಲ್ಲ, ಅದೇ ಕಣ್ಣು! ಮೊದಲ ಕಾಣಸ್ತದ ಅಂತ ಬೈದ್ರು, ಆಮ್ಯಾಲ ಕಾಣಂಗಿಲ್ಲ ಅಂತ ಬೈದ್ರು, ಎಷ್ಟು ಕಾಣಸ್ತದ ಅಂತ ಒಬ್ಬರೂ ಕೇಳಲಿಲ್ಲ. ಕಡೀಗೆ ಕೂಸು. ಹಾಲು ಕುಡಿಸೋ ಹೊತ್ತಿಗೆ ತಂದು ತೊಡಿ ಮ್ಯಾಲ ಹಾಕೋದು, ಕುಡಿದ ಕೂಡ್ಲೇ ಕಸಗೊಂಡು ಹೋಗೋದು. 'ಕೆಡವ್ತಿ ನೀನು.' ನನ್ನ ಮಗಳು ಒಳಗ ಅಳೋದು ಕೇಳ್ತಿತ್ತು, ನಾ ಪಡಸಾಲ್ಯಾಗ ಸುಮ್ಮ ಕುಂತಿರ್ತಿದ್ದೆ. ಎದಿ ಹಾಲು ಸೋರಿ ಸೀರಿ ತೊಯ್ತಿತ್ತು.

ನಮ್ಮಪ್ಪಗ ಕಾಗದ ಹೋತು, ನಿನ್ನ ಮಗಳನ್ನ ಒಯ್ಯಿ ಅಂತ. ಬಂದ. ಮುಂಜಾನಿ ಹೊತ್ತು, ಅತ್ತಿ ಮಡಿಲೇ ಇದ್ಳು, ಆದ್ರ ಆವತ್ತು ಇದಕ್ಕಂತನೇ ಮೌನ ಮುರದ್ಳು. ನಮ್ಮಪ್ಪ ಕುಂಡ್ರಲಿಲ್ಲ, ಬಾಗಲಾಗ ನಿಂತಿದ್ದ, ಮಾರಿ ಕೆಳಗ ಹಾಕಿ, 'ಬಾ ಇಂದೂ, ಹೋಗೋಣು' ಅಂದ. ನಾ ಅಂದೆ, 'ಸುಧಾನ್ನ ಬಿಟ್ಟು ಬರಂಗಿಲ್ಲ ಅಪ್ಪಾ.' ಅತ್ತಿ ಅಂದ್ಳು, 'ಕೂಸನ್ನ ನಿನ್ನ ಕೈಯಾಗ ಕೊಡಬೇಕೇನು? ಹುಡುಕು ನೋಡಣ. ಇದೇ ಪಡಸಾಲ್ಯಾಗ ಅದ ಕೂಸು. ಎಲ್ಲದ ತೋರಸು. ತೋರಿಸಿದ್ರ ನಿಂದು, ಇಲ್ಲದಿದ್ರ ಎದ್ದು ಹೋಗು.' ಬಾಯಾಗ ಬೆಲ್ಲದ ಚೂರು ಕೊಟ್ಟು ಕೂಡಿಸಿದ್ಳು ಆಕಿನ್ನ, ದನಿ ಬರಬಾರದಂತ. ಅಷ್ಟು ಯೋಚನಾ ಮಾಡಿದ್ಳು! ನಿಮ್ಮ ಅಜ್ಜ ಅಲ್ಲೇ ಇದ್ರು, ಅವರಿಗೂ ಕಾಣಸ್ತಿತ್ತು, ನಮ್ಮಪ್ಪಗೂ ಕಾಣಸ್ತಿತ್ತು, ಒಬ್ಬರೂ ಬಾಯಿ ಬಿಡಲಿಲ್ಲ. ನಾ ಹುಡುಕಿದೆ. ಊದುಗೊಳವಿ ಹಿಡದು ಪಡಸಾಲಿ ಹುಡುಕೋದಂದ್ರ ಏನಂತ ತಿಳಕೋರಿ, ಗೂಟ ಕಾಣ್ತು, ಗೂಟದಾಗಿನ ಛತ್ರಿ ಕಾಣ್ತು, ನಿಮ್ಮ ಅಜ್ಜನ ಅಂಗಿ ಗುಂಡಿ ಕಾಣ್ತು, ನಮ್ಮಪ್ಪನ ಗಡ್ಡದ ಮ್ಯಾಲ ಕಣ್ಣೀರು ಕಾಣ್ತು. ಕೂಸು ಕಾಣಲಿಲ್ಲ. ಎದ್ದು ಎರಡು ಹೆಜ್ಜಿ ಇಟ್ಟೆ, ತಂಬಿಗಿ ಕಾಲಿಗೆ ಬಡೀತು, ಉರುಳಿತು. ಅತ್ತಿ ನಕ್ಕಳು. ಮೂಗಿನ್ಯಾಗ ನಗೋ ನಗಿ.

ಆ ನಗಿ ಕೇಳಿದೆನಲ್ಲ, ನಾ ಹುಡುಕೋದು ಬಿಟ್ಟೆ. ಇವರ ಆಟ ನಾ ಯಾಕ ಆಡ್ಲಿ ಅನಸ್ತು. ಕುಂತೆ ಫರಸಿ ಮ್ಯಾಲ, ಕಣ್ಣೇ ಮುಚ್ಚಿದೆ. ಮುಚ್ಚಿ ಕರದೆ, 'ಸುಧಾ, ಬಾ ನನ್ನವ್ವಾ, ಅವ್ವಾ ಇಲ್ಲಿದ್ದಾಳ ನೋಡು.' ಒಂದು ಕ್ಷಣ ಏನೂ ಇಲ್ಲ. ಆಮ್ಯಾಲ ಫರಸಿ ಮ್ಯಾಲ ಅಂಗೈ ಸಪ್ಪಳ, ಪಟ್ ಪಟ್ ಪಟ್. ಸಪ್ಪಳ ಬಂದ ಕಡಿ ಮಾರಿ ಮಾಡಿ ಕಣ್ಣು ತೆರದೆ. ಬಂದ್ಳು. ನೆಟ್ಟಗ ನನ್ನ ಕಡಿ ಬರಲಿಲ್ಲ, ದಾರ್ಯಾಗ ಆಕಿ ಅಜ್ಜಿ, ಅಂದ್ರ ನಮ್ಮ ಅತ್ತಿ, ಇದ್ಳು. ಮಡಿಲೇ ನಿಂತಾಕಿ, ಎರಡೂ ಕಣ್ಣಿದ್ದಾಕಿ, ಎದುರೂ ಕಾಣಸ್ತದ ಬಾಜೂನೂ ಕಾಣಸ್ತದ, ಸರೀಬೇಕಿತ್ತಿಲ್ಲೋ? ನನ್ನ ನೋಡಿ ನಗೋದ್ರಾಗ ಸರೀಲಿಲ್ಲ. ಕೂಸು ಬೆಲ್ಲ ಹತ್ತಿದ ಕೈಲೇ ಆಕಿ ಮಡಿ ಸೀರಿ ಗಟ್ಟಿಯಾಗಿ ಹಿಡದು, ಎದ್ದು ನಿಂತು, ಆಮ್ಯಾಲ ಬಿಟ್ಟು ನನ್ನ ತೊಡಿ ಮ್ಯಾಲ ಬಂದು ಬಿತ್ತು. ಆಗ ನಿಮ್ಮ ಅಜ್ಜ, ಜೀವನದಾಗ ಒಂದ ಸಲ, ಬಾಯಿ ಬಿಟ್ರು. 'ಅವ್ವಾ, ಮುಟ್ಟಿದವರನ್ನೆಲ್ಲ ಚಿತ್ತಾಪುರಕ್ಕ ಕಳಸೋದಾದ್ರ, ಈಗ ಯಾರನ್ನ ಕಳಸೋಣ?' ಅತ್ತಿ ನೆಟ್ಟಗ ಬಾವಿಗೆ ಹೋದ್ಳು. ನಮ್ಮಪ್ಪ ಒಂದು ಲೋಟ ನೀರು ಕುಡಿದು ಒಬ್ಬನೇ ರೈಲಿಗೆ ಹೋದ.

ಆಕಿ ಬಾವಿಯಿಂದ ಬಂದ ಕೂಡ್ಲೇ ನಾ ಹೇಳಿದೆ, ಕೂಸನ್ನ ತೊಡಿ ಮ್ಯಾಲಿಂದ ಇಳಿಸದನೇ ಹೇಳಿದೆ. 'ಅತ್ತ್ಯಾರ, ನಾ ಎಲ್ಲೂ ಹೋಗಂಗಿಲ್ಲ. ಒಲಿ ನನ್ನದು, ಈಳಿಗಿ ನನ್ನದು, ಮಗಳು ನನ್ನಾಕಿ. ನಿಮ್ಮ ಮಡಿ ಉಳೀಬೇಕಂದ್ರ ನೀವು ದನಿ ಕೊಡ್ರಿ. ಮೌನ ಅಂದ್ರೂ ದೇವರ ಹೆಸರು ನಡೀತದಲ್ಲ, ಅದನ್ನರ ಹೇಳಕೋತ ಬರ್ರಿ, ನಾ ಸರೀತೀನಿ. ಸುಮ್ಮ ಬಂದ್ರ ನಾ ಸರ್ಯಂಗಿಲ್ಲ, ಮುಟ್ಟಿದ್ದು ನನ್ನ ತಪ್ಪಲ್ಲ.' ಆಕಿ ಏನಾರ ನನ್ನ ಕ್ಷಮಾ ಮಾಡಿದ್ಳು ಅಂತ ತಿಳೀಬ್ಯಾಡ್ರಿ, ನಾನೂ ಮಾಡಿಲ್ಲ. ಮರುದಿನದಿಂದ 'ಗೋವಿಂದ' ಅನ್ನಕೋತ ಬರ್ಲಿಕ್ಕೆ ಹತ್ತಿದ್ಳು. ಹೆಂಗ ಅಂತಿದ್ಳು ಗೊತ್ತೇನು, ಉಗುಳಿದಂಗ, 'ಗೋವಿಂದಾ!' ನನ್ನ ಹೆಸರು ಹಿಡದು ಬೈದಂಗ, 'ಗೋವಿಂದಾ!' ದೇವರನ್ನ ಅಷ್ಟು ಸಿಟ್ಟಿಲೇ ಯಾರೂ ಕರದಿರಲಿಕ್ಕಿಲ್ಲ. ಸಾಯೋತನಕ ಹಂಗೇ ಕರದ್ಳು. ಆದ್ರ ಅದಾದ ಮ್ಯಾಲ ಒಂದ ಸಲನೂ ನಾ ಆಕಿನ್ನ ಮುಟ್ಟಲಿಲ್ಲ, ಒಂದ ಸಲನೂ ಆಕಿ ಎರಡನೇ ಸಲ ಬಾವಿಗೆ ಹೋಗಲಿಲ್ಲ. ಅದಕ್ಕ ನಿಮಗ ಹೇಳ್ತೀನಿ, ಕಾಣದವರ ಮ್ಯಾಲ ಪ್ರೀತಿ ಇರಲೇಬೇಕಂತಿಲ್ಲ, ಇಲ್ಲದಿದ್ರ ಇಲ್ಲ, ನಮಗೇನು ಅದರ ಹಸಿವಿಲ್ಲ. ಬೈರಿ ಬೇಕಾದ್ರ. ಆದ್ರ ಬಾಜೂಕ ನಿಂತು ಮಜಾ ನೋಡಬ್ಯಾಡ್ರಿ, ನಾ ಇಲ್ಲಿದ್ದೀನಿ ಅಂತ ಬಾಯಿ ಬಿಟ್ಟು ಹೇಳ್ರಿ. ಹೂಂ, ಏಳ್ರಿ, ಕೈ ತೊಳ್ಕೋರಿ, ಸಾರು ಆರಿ ಹೋಗ್ತದ.